ಹೆಸರಿಲ್ಲದೆ ಲೋಕ ಸುತ್ತಿದ ಠಕಾರ

ಕಳೆದ ತಿಂಗಳು ನಮ್ಮ ಬಳಗದ ಓದುಕೂಟ ಠಾಣೆಯಲ್ಲಿ ಸೇರಿತ್ತು. ಧಾರವಾಡದ ಕಡೆಯಿಂದ ಬಂದು, ರೇಲ್ವೆಯಲ್ಲಿ ದುಡಿದು ನಿವೃತ್ತರಾದ ಹಿರಿಯ ಸದಸ್ಯರೊಬ್ಬರ ಮನೆಯದು. ಚರ್ಚೆಗೆಂದು ಎಲ್ಲರೂ ಓದಿಕೊಂಡು ಬಂದಿದ್ದ ಕಾದಂಬರಿ ಮೇಜಿನ ಮೇಲೆ ಹಾಗೆಯೇ ಉಳಿಯಿತು. ಚಹಾ ಬರುವ ಮೊದಲೇ ಮಾತು ಬೇರೆ ದಾರಿ ಹಿಡಿದು, ದೀಪ ಹಚ್ಚುವ ಹೊತ್ತಿನವರೆಗೂ ಒಂದೇ ಒಂದು ಅಕ್ಷರದ ಸುತ್ತ ತಿರುಗಿತು. ಹೊರನಾಡಿನಲ್ಲಿ ಕನ್ನಡ ಓದುವವರಿಗೆ ಈ ವಾದ ತಲುಪಬೇಕೆಂಬುದರಿಂದ ಇಲ್ಲಿ ಬರೆಯುತ್ತಿದ್ದೇವೆ. ಜೊತೆಗೆ, ಅಂದು ಗದ್ದಲದಲ್ಲಿ ಹೇಳಲಾಗದೆ ಉಳಿದ ನಮ್ಮ ಅಭಿಪ್ರಾಯವನ್ನೂ ಸೇರಿಸಿದ್ದೇವೆ.

ನಡೆದದ್ದು ಇಷ್ಟು. ಆ ಹಿರಿಯರ ಮೊಮ್ಮಗಳಿಗೆ ಹದಿಮೂರು ವರ್ಷ. ತಮ್ಮ ಅವಳ ಚಾರ್ಜರ್ ಬಚ್ಚಿಟ್ಟಿದ್ದ. ಅವಳು ಮಾತನಾಡಲಿಲ್ಲ, ಒಳಕೋಣೆಯಲ್ಲಿದ್ದ ತಮ್ಮನಿಗೆ ಫೋನಿನಲ್ಲಿ ಒಂದು ಸಂದೇಶ ಕಳಿಸಿದಳು. ಪಕ್ಕದಲ್ಲಿ ಕುಳಿತಿದ್ದ ಅಜ್ಜ ಕನ್ನಡಕ ಸರಿಮಾಡಿಕೊಂಡು ನೋಡಿದರೆ, ಪರದೆಯ ಮೇಲೆ ಹೀಗಿತ್ತು:

ಠ_ಠ

ಅಜ್ಜನಿಗೆ ಹಿಡಿಸಲಾರದ ಹಿಗ್ಗು. "ಕನ್ನಡ ಕಲಿತಿಯಲ್ಲವ್ವಾ, ಯಾರು ಹೇಳಿಕೊಟ್ಟರು?" ಎಂದು ಕೇಳಿದರು. ಹುಡುಗಿ ಒಂದು ಕ್ಷಣ ಪರದೆಯನ್ನೂ ಅಜ್ಜನನ್ನೂ ನೋಡಿ, "ಅಜ್ಜಾ, ಇದು ಕನ್ನಡ ಏನು? ಇದು ಸಿಟ್ಟಿನ ಮುಖ ಅಲ್ಲಾ?" ಎಂದಳು. ಮನೆಯಲ್ಲಿ ಕನ್ನಡವನ್ನೇ ಆಡುವ ಮಗು ಅದು. ಇಂಗ್ಲಿಷ್ ಶಾಲೆಯಲ್ಲಿ ರೋಮನ್ ಲಿಪಿ ಬಂದಿದೆ, ಹಿಂದಿ ಮರಾಠಿಗಳಿಂದ ನಾಗರಿ ಬಂದಿದೆ. ಕನ್ನಡ ಲಿಪಿ ಮಾತ್ರ ಬಂದಿಲ್ಲ. ತನ್ನ ಮಾತೃಭಾಷೆಯ ಅಕ್ಷರವೊಂದನ್ನು ಅವಳು ವರ್ಷಗಟ್ಟಲೆ ಬಳಸುತ್ತ ಬಂದಿದ್ದಳು, ಅದು ಅಕ್ಷರವೆಂದು ತಿಳಿಯದೆಯೇ.

ತಿಳಿಯದವರಿಗಾಗಿ ಎರಡು ಮಾತು. 1982ರ ಸೆಪ್ಟೆಂಬರ್ 19ರಂದು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಸ್ಕಾಟ್ ಫಾಲ್‌ಮನ್ ಎಂಬ ಗಣಕವಿಜ್ಞಾನಿ, ತಮಾಷೆಗೆ ಬರೆದದ್ದನ್ನು ಜನ ನಿಜವೆಂದು ತಿಳಿದು ಜಗಳಕ್ಕೆ ನಿಲ್ಲದಿರಲೆಂದು, ಎರಡು ಚುಕ್ಕಿ, ಒಂದು ಅಡ್ಡಗೀಟು, ಒಂದು ಆವರಣಚಿಹ್ನೆ ಸೇರಿಸಿ ನಗುವ ಮುಖವೊಂದನ್ನು ಸೂಚಿಸಿದರು. ಅದನ್ನು ಕತ್ತು ಓರೆ ಮಾಡಿ ನೋಡಬೇಕಿತ್ತು. ಜಪಾನೀಯರು ಇದೇ ಆಟವನ್ನು ನೇರವಾಗಿ ನೋಡುವ ಮುಖಗಳಲ್ಲಿ ಆಡಿದರು. ಅಲ್ಲಿ ಭಾವವೆಲ್ಲ ಬಾಯಿಗಿಂತ ಕಣ್ಣಿನಲ್ಲಿ. ಕಣ್ಣಿಗೆ ಬೇಕಾದ ಆಕಾರ ಹುಡುಕುತ್ತ ಹೊರಟವರು ಜಗತ್ತಿನ ಲಿಪಿಗಳ ಕೋಷ್ಟಕದಲ್ಲೆಲ್ಲ ಕೈಯಾಡಿಸಿದರು. ಭುಜ ಕುಣಿಸಿ 'ನನಗೇನು ಗೊತ್ತು' ಎನ್ನುವ ಪ್ರಸಿದ್ಧ ಮುಖ ಜಪಾನಿನ 'ತ್ಸು' ಅಕ್ಷರ. ಹೀಗೆ ಕೈಯಾಡಿಸಿದ ಯಾರಿಗೋ ನಮ್ಮ ಠಕಾರ ಸಿಕ್ಕಿತು. ದುಂಡನೆಯ ಕಣ್ಣು, ನಡುವೆ ಪಾಪೆ, ಮೇಲೆ ಬಿಗಿದ ಹುಬ್ಬು. ಎರಡು ಠಕಾರಗಳ ನಡುವೆ ಒಂದು ಅಡಿಗೀಟು ಎಳೆದರೆ, ಮನೆಗೆ ತಡವಾಗಿ ಬಂದ ಮಗನನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ನೋಡುವ ತಂದೆಯ ಮುಖ ಸಿದ್ಧ. ಇಂಗ್ಲಿಷಿನಲ್ಲಿ ಅದಕ್ಕೆ 'ಲುಕ್ ಆಫ್ ಡಿಸ್‌ಅಪ್ರೂವಲ್' ಎಂದು ಹೆಸರು. ನಾವು 'ಒಲ್ಲದ ನೋಟ' ಎನ್ನೋಣ.

ಅಷ್ಟಕ್ಕೇ ನಿಲ್ಲಲಿಲ್ಲ. ಅದರ ಪಕ್ಕದ ಮನೆಯ ಥಕಾರವನ್ನೂ ಎಳೆದು ತಂದರು. ಥ_ಥ ಎಂದರೆ ಅಳುವ ಮುಖ. ಅಕ್ಷರದ ಕೆಳಗಿನ ಸೀಳು ಕಣ್ಣೀರಾಗಿ ಇಳಿಯುತ್ತದೆ. ಇನ್ನೊಂದು ಇದಕ್ಕಿಂತಲೂ ಸೊಗಸು: ಠ_ರೃ. ಒಂದು ಕಣ್ಣಿಗೆ ಮಾತ್ರ ಗಾಜು ಸಿಕ್ಕಿಸಿಕೊಂಡು, ದಾರ ಇಳಿಬಿಟ್ಟ ಹಳೆಯ ಕಾಲದ ಬಿಳಿಯ ಸಾಹೇಬ! ರಕಾರಕ್ಕೆ ಋಕಾರದ ಕೊಂಬು ಕೊಡುವ ಪ್ರಸಂಗ ಕನ್ನಡದಲ್ಲಿ ತೀರ ಅಪರೂಪ. ನಮ್ಮ ಆತಿಥೇಯರಿಗೆ ಮಾತ್ರ ಅದು ಕೂಡಲೇ ನೆನಪಾಯಿತು. 'ನೈರೃತ್ಯ ರೈಲ್ವೆ' ಎಂದು ಬರೆಯಬೇಕೋ, 'ನೈಋತ್ಯ' ಎಂದೋ, 'ನೈರುತ್ಯ' ಎಂದೋ ಎಂಬ ಜಗಳವನ್ನು ಅವರು ನೌಕರಿಯ ಕಾಲದಲ್ಲಿ ಸಾಕಷ್ಟು ಕೇಳಿದ್ದರಂತೆ. ಅಲ್ಲಿ ಇತ್ಯರ್ಥವಾಗದ ಅಕ್ಷರ ಇಲ್ಲಿ ಸಾಹೇಬನ ಕನ್ನಡಕವಾಗಿ ನೆಮ್ಮದಿಯಿಂದ ಕೂತಿದೆ.

ಕೂಟ ಇಲ್ಲಿಗೆ ಎರಡಾಗಿ ಒಡೆಯಿತು.

ಒಂದು ಪಕ್ಷದವರಿಗೆ ಇದು ಅವಮಾನ. ಎರಡು ಸಾವಿರ ವರ್ಷಗಳ ಹಿಂದಿನಿಂದ ಇಳಿದು ಬಂದ ಲಿಪಿಯನ್ನು ಗೊಂಬೆಯಾಟಕ್ಕೆ ಬಳಸುವುದೇ? ಅಕ್ಷರವೆಂದರೆ ಅಳಿಯದ್ದು, ಸರಸ್ವತಿಯ ರೂಪ. ಅದನ್ನು ಕಣ್ಣು ಮಾಡಿ ಬಾಯಿ ಮಾಡಿ ಹಲ್ಲು ಕಿಸಿಯಬಹುದೇ? ಇನ್ನೊಂದು ಪಕ್ಷದವರಿಗೆ ಇದು ಹೆಮ್ಮೆ. ಜಗತ್ತಿನ ಮೂಲೆಮೂಲೆಯ ಯುವಕರು ದಿನಾ ಕನ್ನಡ ಅಕ್ಷರ ಬಳಸುತ್ತಿದ್ದಾರೆ, ಬೇರೆ ಯಾವ ಭಾರತೀಯ ಲಿಪಿಗೆ ಈ ಭಾಗ್ಯ ಬಂದಿದೆ, ಇದನ್ನು ರಾಜ್ಯೋತ್ಸವದ ಭಾಷಣದಲ್ಲಿ ಹೇಳಬೇಕು, ಎಂದರು. ಅವರಲ್ಲೊಬ್ಬರು ಅಲ್ಲಿಯೇ ಬಳಗದ ವಾಟ್ಸಾಪ್ ಗುಂಪಿಗೆ 'ವಿಶ್ವವನ್ನೇ ಆಳುತ್ತಿರುವ ಕನ್ನಡ ಅಕ್ಷರ' ಎಂದು ಹಾಕಿಯೂ ಬಿಟ್ಟರು.

ನಮಗೆ ಎರಡೂ ಸರಿಕಾಣಲಿಲ್ಲ.

ಮೊದಲು ಅವಮಾನದ ಮಾತು. ಅಕ್ಷರವನ್ನು ಚಿತ್ರವಾಗಿ ನೋಡುವುದು ನಮಗೇನೂ ಹೊಸತಲ್ಲ. ಓಂಕಾರವನ್ನು ಗಣಪತಿಯಾಗಿ ಬರೆಯದ ಶಾಲಾಮಕ್ಕಳು ಯಾರಿದ್ದಾರೆ? ಕನ್ನಡದ ಅಂಕೆ 2ನ್ನು ಹಂಸ ಮಾಡಿ, ಅದಕ್ಕೆ ಕೊಕ್ಕು ಬರೆದು ಮೇಷ್ಟರ ಕೈಯಲ್ಲಿ ಪೆಟ್ಟು ತಿಂದವರು ನಮ್ಮಲ್ಲೇ ಇದ್ದಾರೆ. ಪರಭಾಷೆಯ ಅಕ್ಷರಗಳನ್ನಂತೂ ನಾವು ಎಗ್ಗಿಲ್ಲದೆ ಆಕಾರಕ್ಕಾಗಿ ಬಳಸುತ್ತೇವೆ. ರಸ್ತೆಯಲ್ಲಿ 'ಯು ಟರ್ನ್' ತೆಗೆದುಕೊಳ್ಳುತ್ತೇವೆ, 'ಟಿ ಶರ್ಟ್' ತೊಡುತ್ತೇವೆ, ಫ್ಲ್ಯಾಟು ನೋಡಲು ಹೋದಾಗ ಅಡುಗೆಮನೆಯ ಕಟ್ಟೆ 'ಎಲ್' ಆಕಾರದಲ್ಲಿದೆಯೇ ಎಂದು ಕೇಳುತ್ತೇವೆ. ಇದರಿಂದ ಇಂಗ್ಲಿಷಿಗೆ ಅವಮಾನವಾಯಿತೆಂದು ಯಾರೂ ಅತ್ತದ್ದಿಲ್ಲ. ಗಣಿತದವರು ಗ್ರೀಕರ ಥೀಟಾವನ್ನು ಕೋನಕ್ಕೆ ಕಟ್ಟಿಹಾಕಿದ್ದಾರೆ. ಗ್ರೀಕರು ಜಗಳಕ್ಕೆ ಬಂದಿಲ್ಲ.

ಆದರೆ ಇಲ್ಲಿ ಒಂದು ವ್ಯತ್ಯಾಸವಿದೆ. ನಮ್ಮ ಆಕ್ಷೇಪ ಇರುವುದೂ ಅಲ್ಲಿಯೇ. 'ಯು ಟರ್ನ್' ಎನ್ನುವಾಗ ನಾವು 'ಯು' ಎಂದು ಉಚ್ಚರಿಸುತ್ತೇವೆ. ಕೋನದ ಲೆಕ್ಕ ಮಾಡುವ ಹುಡುಗ 'ಥೀಟಾ' ಎಂದೇ ಓದುತ್ತಾನೆ. ಆಕಾರಕ್ಕೆ ದುಡಿಯುವ ಆ ಅಕ್ಷರಗಳು ತಮ್ಮ ಹೆಸರನ್ನು ಕಳೆದುಕೊಂಡಿಲ್ಲ. ಠಕಾರ ಕಳೆದುಕೊಂಡಿದೆ. ಅದನ್ನು ದಿನಕ್ಕೆ ಹತ್ತು ಸಲ ಒತ್ತುವವನಿಗೆ ಅದಕ್ಕೊಂದು ದನಿಯಿದೆ ಎಂಬುದೇ ಗೊತ್ತಿಲ್ಲ. ನಾಲಿಗೆಯ ತುದಿಯನ್ನು ಮೇಲಕ್ಕೆ ಮಡಿಚಿ, ಅಂಗುಳಕ್ಕೆ ಒತ್ತಿ, ಉಸಿರಿನೊಡನೆ ಬಿಡಬೇಕಾದ ದನಿ. ಅದು ಅವನ ಮಟ್ಟಿಗೆ ಮೂಕ.

ಇದಕ್ಕೆ ಸಾಕ್ಷಿಯಾಗಿ ಕೂಟದಲ್ಲಿ ಒಂದು ಪುಟ್ಟ ಪ್ರಸಂಗವೇ ನಡೆಯಿತು. ನಮ್ಮ ಬಳಗದ ಸದಸ್ಯರೊಬ್ಬರಿಗೆ ದೃಷ್ಟಿಯಿಲ್ಲ. ಪರದೆಯ ಮೇಲಿನ ಬರಹವನ್ನು ಅವರ ಫೋನು ಕನ್ನಡ ದನಿಯಲ್ಲಿ ಓದಿ ಹೇಳುತ್ತದೆ. ಗುಂಪಿಗೆ ಹೋದ ಆ ಸಂದೇಶ ಅವರ ಫೋನಿಗೂ ಬಂತು. ಫೋನು ಸಾವಧಾನವಾಗಿ 'ಠ' ಎಂದಿತು, ಅಡಿಗೀಟನ್ನು ಹೇಳಿತು, ಮತ್ತೆ 'ಠ' ಎಂದಿತು. ಕಣ್ಣಿದ್ದವರೆಲ್ಲ ಮುಖ ನೋಡುತ್ತಿದ್ದಾಗ, ಅದು ಅಕ್ಷರವೆಂದು ಕೇಳಿಸಿಕೊಂಡವರು ಅವರೊಬ್ಬರೇ. "ಇದರಲ್ಲಿ ಮುಖ ಎಲ್ಲಿದೆಯಪ್ಪಾ?" ಎಂದು ಅವರು ಕೇಳಿದಾಗ, ಮೊಮ್ಮಗಳು ಅವರ ಅಂಗೈ ಮೇಲೆ ಬೆರಳಿನಿಂದ ಬರೆದು ತೋರಿಸಿದಳು.

ಇನ್ನು ಹೆಮ್ಮೆಯ ಮಾತು. ಕನ್ನಡ ಲಿಪಿ 'ವಿಶ್ವಲಿಪಿಗಳ ರಾಣಿ' ಎಂಬ ಸಂದೇಶ ಪ್ರತಿ ನವೆಂಬರಿನಲ್ಲಿ ನಮ್ಮ ಫೋನುಗಳಿಗೆ ಬರುತ್ತದೆ. ನಮ್ಮ ರಾಷ್ಟ್ರಗೀತೆಯನ್ನು ಯುನೆಸ್ಕೋ ಜಗತ್ತಿನಲ್ಲೇ ಶ್ರೇಷ್ಠವೆಂದು ಘೋಷಿಸಿತೆಂಬ ಸುಳ್ಳೂ ಅದೇ ದಾರಿಯಲ್ಲಿ ಬರುತ್ತಿತ್ತು. ಅಂತರ್ಜಾಲದಲ್ಲಿ ಸಿಗುವ ಸೋಜಿಗಗಳಲ್ಲಿ ನಮ್ಮನ್ನು ಹೊಗಳುವಂಥವು ಬೇಗ ಹರಡುತ್ತವೆ; ಪರಿಶೀಲನೆ ಬೇಡುವಂಥವು ಹಿಂದೆ ಉಳಿಯುತ್ತವೆ. ಠಕಾರದ ವಿಷಯ ಸುಳ್ಳಲ್ಲ, ನಿಜವೇ. ಆದರೆ ಅದರಿಂದ ಹೆಮ್ಮೆ ಹೇಗೆ ಹುಟ್ಟುತ್ತದೆಂದು ನಮಗೆ ತಿಳಿಯಲಿಲ್ಲ. ಎರಡು ಕಣ್ಣುಗಳನ್ನು ಒತ್ತಿದವನು ಕನ್ನಡ ಬರೆದವನಲ್ಲ. ಲಿಪಿಯನ್ನಷ್ಟೇ ನೋಡಿ ಭಾಷೆ ಎಣಿಸುವ ಯಂತ್ರವೊಂದಿದ್ದರೆ, ಅದು ಟೆಕ್ಸಾಸಿನ ಹುಡುಗನ ಮುಖಚೇಷ್ಟೆಯನ್ನೂ ಕನ್ನಡ ಸಾಹಿತ್ಯದ ಲೆಕ್ಕಕ್ಕೇ ಸೇರಿಸೀತು. ನಾವೂ ಅದೇ ಯಂತ್ರದ ಹಾಗೆ ಎಣಿಸುವುದಾದರೆ ನಮಗೂ ಅದಕ್ಕೂ ಏನು ಅಂತರ?

ಈ ಅಕ್ಷರವೇ ಏಕೆ ಸಿಕ್ಕಿತೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ನಿಜವಾದ ಸೋಜಿಗ ಇರುವುದು ಇಲ್ಲಿ. ಅಶೋಕನ ಶಾಸನಗಳ ಬ್ರಾಹ್ಮಿಯಲ್ಲಿ ಠಕಾರವೆಂದರೆ ಬರಿಯ ವೃತ್ತ, ಒಳಗೆ ಏನೂ ಇಲ್ಲ. ಚುಕ್ಕಿಯಿದ್ದದ್ದು ಥಕಾರದಲ್ಲಿ: ವೃತ್ತ, ನಡುವೆ ಚುಕ್ಕಿ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯನ್ನು ಬಿಡಿಸಿದಾಗ ಓದಿಗೆ ದಕ್ಕಿದ ಆಕಾರಗಳಿವು. ನಾಗರಿಯ ಠಕಾರ ಇಂದಿಗೂ ಆ ಹಳೆಯ ವೃತ್ತವನ್ನು ಹೆಚ್ಚುಕಡಿಮೆ ಹಾಗೆಯೇ ಉಳಿಸಿಕೊಂಡಿದೆ, ಮೇಲಿನ ಗೆರೆಗೆ ಒಂದು ಸಣ್ಣ ಕಾಲಿನಿಂದ ತೂಗುಹಾಕಿದಂತೆ. ಅದರಲ್ಲಿ ಪಾಪೆಯಿಲ್ಲ, ಹಾಗಾಗಿ ನೋಟವೂ ಇಲ್ಲ. ತೆಲುಗಿನ ಠಕಾರದಲ್ಲಿ ವೃತ್ತವೂ ಇದೆ, ಚುಕ್ಕಿಯೂ ಇದೆ. ಆದರೆ ತಲೆಕಟ್ಟು ಬೇರೆ. ಅದು ಸರಿಯುತ್ತರಕ್ಕೆ ಹಾಕುವ ಗುರುತಿನಂತೆ ಮೇಲಕ್ಕೆ ಚಿಮ್ಮುತ್ತದೆ. ಸಿಟ್ಟು ಬರಬೇಕಾದರೆ ಹುಬ್ಬು ಅಡ್ಡವಾಗಿ ಬಿಗಿಯಬೇಕು. ಅದು ಕನ್ನಡಕ್ಕೆ ಮಾತ್ರ ಒದಗಿತು. ಹೈದರಾಬಾದಿನ ನಮ್ಮ ಮಿತ್ರರು ತೆಲುಗು ಗೆಳೆಯರೊಡನೆ ಈ ವಿಷಯ ಎತ್ತಿದರೆ ಒಂದು ಸಂಜೆ ಸುಲಭವಾಗಿ ಕಳೆದೀತು.

ಯುನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನ ಸಿಕ್ಕಿದ್ದು ಅದರ ಮೊದಲ ಆವೃತ್ತಿಯಲ್ಲಿ, 1991ರಲ್ಲಿ. ಭಾರತದ ಲಿಪಿಗಳಿಗೆ ಅಲ್ಲಿ ಸ್ಥಾನ ಹಂಚಿದ್ದು ನಮ್ಮದೇ ದೇಶದ ಇಸ್ಕಿ ಎಂಬ ಮಾನಕವನ್ನು ಅನುಸರಿಸಿ. ಆದ್ದರಿಂದ ಎಲ್ಲ ಲಿಪಿಗಳ ಕೋಷ್ಟಕಗಳೂ ಒಂದರ ಪಕ್ಕ ಒಂದಿಟ್ಟ ಒಂದೇ ಬಗೆಯ ಮನೆಗಳಂತೆ. ನಾಗರಿಯ ಠಕಾರಕ್ಕೆ 0920, ತೆಲುಗಿನದಕ್ಕೆ 0ಸಿ20, ಕನ್ನಡದ್ದಕ್ಕೆ 0ಸಿಎ0. ಪ್ರತಿ ಮನೆಯಲ್ಲಿಯೂ ಆರಂಭದಿಂದ ಅಷ್ಟೇ ದೂರದಲ್ಲಿ ಅದರ ಕುರ್ಚಿ. ತಮಿಳಿನ ಮನೆಯಲ್ಲಿ ಮಾತ್ರ ಆ ಕುರ್ಚಿ ಖಾಲಿ. ಅಲ್ಲಿ ಟಕಾರದ ನಂತರದ ಮೂರು ಸ್ಥಾನಗಳನ್ನು ಬರಿದಾಗಿ ಬಿಟ್ಟು ಮುಂದೆ ಣಕಾರವನ್ನು ಕೂರಿಸಿದ್ದಾರೆ, ಬಾರದ ಅತಿಥಿಗೆ ಎಲೆ ಹಾಕಿಟ್ಟಂತೆ. ಚೆನ್ನೈನಲ್ಲಿರುವ ನಮ್ಮ ಬಳಗದವರು ಇದನ್ನು ಕೇಳಿ ಬಹಳ ಹೊತ್ತು ನಕ್ಕರು. ಅವರ ಮಕ್ಕಳಿಗೆ ಮಹಾಪ್ರಾಣ ಕಲಿಸುವುದು ಎಷ್ಟು ಕಷ್ಟವೆಂಬುದನ್ನು ಯುನಿಕೋಡ್ ಕೋಷ್ಟಕವೇ ಒಪ್ಪಿಕೊಂಡಿದೆಯಲ್ಲ!

ಹಾಗಾಗಿ ಈ ಅಕ್ಷರಕ್ಕೆ ಗಣಕದ ಲೋಕದಲ್ಲಿ ಅಧಿಕೃತ ಹೆಸರಂತೂ ಇದೆ, ಆ ಹೆಸರಿನ ಮೊದಲ ಪದವೇ 'ಕನ್ನಡ'. ಗಣಕಕ್ಕೆ ಗೊತ್ತಿರುವುದು ಗಣಕ ಬಳಸುವವನಿಗೆ ಗೊತ್ತಿಲ್ಲ. 2010ರ ಆಸುಪಾಸಿನಲ್ಲಿ ಊರಿನಿಂದ ಬಂದ ಕನ್ನಡ ಸಂದೇಶಗಳು ನಮ್ಮ ಫೋನುಗಳಲ್ಲಿ ಸಾಲುಸಾಲು ಖಾಲಿ ಚೌಕಗಳಾಗಿ ಕಾಣುತ್ತಿದ್ದ ದಿನಗಳನ್ನು ನಾವು ಮರೆತಿಲ್ಲ. ಅಮ್ಮನ ಪತ್ರ ಚೌಕಗಳಾಗಿದ್ದ ಕಾಲದಲ್ಲಿಯೇ ಎಲ್ಲೋ ಯಾರೋ ಈ ಎರಡು ಕಣ್ಣುಗಳನ್ನು ಒತ್ತಿ ನಗುತ್ತಿದ್ದರು. ಹೊಟ್ಟೆಕಿಚ್ಚೇ ಎಂದರೆ, ಸ್ವಲ್ಪ ಹೌದು.

ಈಗ ಸ್ವಲ್ಪ ನಮ್ಮನ್ನೇ ನಾವು ನೋಡಿಕೊಳ್ಳೋಣ. ಕನ್ನಡದ ಯಾವ ನಿಘಂಟನ್ನು ತೆಗೆದರೂ ಠಕಾರದ ಪುಟಗಳು ತೆಳು. ಅದರಿಂದ ಆರಂಭವಾಗುವ ಪದಗಳನ್ನು ಬೆರಳೆಣಿಕೆಯಲ್ಲಿ ಮುಗಿಸಬಹುದು: ಠಕ್ಕ, ಠೀವಿ, ಠಸ್ಸೆ, ಠರಾವು, ಠೇವಣಿ, ಠಾಣೆ, ಠಿಕಾಣಿ. ಇವುಗಳಲ್ಲಿ ಕೊನೆಯ ಐದಕ್ಕೆ ಮರಾಠಿಯ ನಂಟು. ಮರಾಠಿಯ ಠಸಾ, ಠರಾವ್, ಠೇವ್, ಠಾಣೆ, ಠಿಕಾಣ್ ಗಡಿ ದಾಟಿ ಬಂದು ಕಚೇರಿಯ ಕನ್ನಡದಲ್ಲಿ ಬೀಡುಬಿಟ್ಟಿವೆ. ಕನ್ನಡ ಬಾಲಬೋಧೆಗಳು 'ಠ ಠಸ್ಸೆ' ಎಂದು ಕಲಿಸುವಾಗ ಮಗುವಿಗೆ ಸಿಗುವುದು ಮರಾಠಿ ಮೂಲದ ಮುದ್ರೆ. 'ಮರಾಠಿ' ಎಂಬ ಹೆಸರಿನಲ್ಲಿಯೇ ಠಕಾರವಿದೆ! ಪದದ ಒಳಗೆ ಬರುವ ಠಕಾರಗಳು ಹೆಚ್ಚಾಗಿ ಸಂಸ್ಕೃತದವು: ಪಾಠ, ಮಠ, ಕಂಠ, ಜಠರ, ನಿಷ್ಠೆ, ಶ್ರೇಷ್ಠ. ಎಂಟು ಬಾರಿ ಬಂತೆಂದು ನಾವು ಸಂದರ್ಭ ಸಿಕ್ಕಲ್ಲೆಲ್ಲ ಹೇಳಿಕೊಳ್ಳುವ ಜ್ಞಾನಪೀಠದಲ್ಲಿಯೂ ಇದೆ. ಆದರೆ ಬಾಯಲ್ಲಿ? ಪಾಠವನ್ನು 'ಪಾಟ' ಎನ್ನುತ್ತೇವೆ, ಮಠವನ್ನು 'ಮಟ' ಎನ್ನುತ್ತೇವೆ. ಹಠವನ್ನಂತೂ 'ಹಟ' ಎಂದು ಬರೆದೇ ಬಿಡುತ್ತೇವೆ. ಲೋಕವೆಲ್ಲ ಠಕಾರವನ್ನು ಮೂಕವಾಗಿಸಿದೆ ಎಂದು ದೂರುವ ನಾವು ಅದರ ಅರ್ಧ ಉಸಿರನ್ನು ಮೊದಲೇ ಕಿತ್ತುಕೊಂಡಿದ್ದೇವೆ.

ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಹೇಳುತ್ತ ಬಂದದ್ದು ಇದನ್ನೇ. ಕನ್ನಡಿಗರ ಬಾಯಲ್ಲಿ ಇಲ್ಲದ ಮಹಾಪ್ರಾಣಗಳನ್ನು ಬರಹದಲ್ಲಿ ಏಕೆ ಹೊರಬೇಕು, ಬಿಡೋಣ ಎಂದರು. ಹಾಗೆಯೇ ಬರೆದೂ ತೋರಿಸಿದರು. ಈ ವಾದವನ್ನು ಸುಲಭವಾಗಿ ತಳ್ಳಿಹಾಕುವವರ ಸಾಲಿನಲ್ಲಿ ನಾವಿಲ್ಲ. ಅಲ್ಪಪ್ರಾಣ ಮಹಾಪ್ರಾಣಗಳ ತಪ್ಪಿಗೆ ಎಷ್ಟು ಮಕ್ಕಳು ಎಷ್ಟು ಅಂಕ ಕಳೆದುಕೊಂಡಿಲ್ಲ, ಎಷ್ಟು ದೊಡ್ಡವರು ನಾಲ್ಕು ಜನರ ನಡುವೆ ಬಾಯಿ ಮುಚ್ಚಿಲ್ಲ! ಆದರೂ ನಾವು ಠಕಾರವನ್ನು ಬಿಡಲು ಸಿದ್ಧರಿಲ್ಲ. 13ನೆಯ ಶತಮಾನದ ಕೇಶಿರಾಜ ಅಚ್ಚಗನ್ನಡಕ್ಕೆ ಸಲ್ಲುವ ಅಕ್ಷರಗಳನ್ನು ಜರಡಿ ಹಿಡಿದು 47ಕ್ಕೆ ಇಳಿಸಿದಾಗ ಋಕಾರ ಹೋಯಿತು, ಶಕಾರ ಷಕಾರಗಳು ಹೋದವು, ವಿಸರ್ಗ ಹೋಯಿತು. ವರ್ಗೀಯ ವ್ಯಂಜನಗಳು ಇಪ್ಪತ್ತೈದೂ, ಮಹಾಪ್ರಾಣಗಳ ಸಮೇತ, ಉಳಿದವು. ಅವನಿಗಿಂತ ಬಿಗಿಯಾದ ಜರಡಿ ನಮ್ಮ ಕೈಯಲ್ಲಿಲ್ಲ. ಇದಕ್ಕಿಂತ ದೊಡ್ಡ ಕಾರಣ ನಮ್ಮ ಹೊರನಾಡಿನ ಬದುಕಿನದು, ಅದನ್ನು ಒಳನಾಡಿನವರು ಗಮನಿಸಿಯೇ ಇಲ್ಲ.

ಮುಂಬಯಿ, ಪುಣೆ, ದೆಹಲಿಗಳಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಟಕಾರ ಠಕಾರಗಳ ಭೇದ ಬೀದಿಯಲ್ಲಿಯೇ ಸಿಗುತ್ತದೆ. ಮರಾಠಿ ಹಿಂದಿಗಳಲ್ಲಿ ಅದು ಬರಿಯ ಕಾಗದದ ಭೇದವಲ್ಲ, ಅರ್ಥವೇ ಬದಲಾಗುತ್ತದೆ. ಆದ್ದರಿಂದ ಬೆಂಗಳೂರಿನ ಸೋದರಸಂಬಂಧಿ 'ಪಾಟ' ಎನ್ನುವಾಗ ಠಾಣೆಯ ಹುಡುಗಿ ಲೀಲಾಜಾಲವಾಗಿ 'ಪಾಠ' ಎನ್ನುತ್ತಾಳೆ. ಊರಿನಲ್ಲಿ ಉಸಿರು ಕಳೆದುಕೊಂಡ ಅಕ್ಷರ ಪರವೂರಿನಲ್ಲಿ ಬೇರೆ ಭಾಷೆಯ ನೆರವಿನಿಂದ ಕನ್ನಡದ ಮಕ್ಕಳ ಬಾಯಲ್ಲಿ ಉಸಿರಾಡುತ್ತಿದೆ. ಇದನ್ನು ನಾವು ಯಾವ ರಾಜ್ಯೋತ್ಸವದ ಭಾಷಣದಲ್ಲಿಯೂ ಕೇಳಿಲ್ಲ.

ಇಷ್ಟು ಹೇಳಿ ಬೀಗುವ ಮೊದಲು ಒಂದು ತಪ್ಪೊಪ್ಪಿಗೆ. ನಾವು ಕೂಟ ಸೇರಿದ್ದ ಊರಿನ ಹೆಸರನ್ನು ಹೊರನಾಡಿನ ಕನ್ನಡಿಗರಲ್ಲಿ ಅನೇಕರು 'ಥಾಣೆ' ಎಂದೇ ಬರೆಯುತ್ತೇವೆ. ರೈಲು ನಿಲ್ದಾಣದ ನಾಗರಿ ಫಲಕದಲ್ಲಿ ಸ್ಪಷ್ಟವಾಗಿ ಠಕಾರವಿದೆ. ದಿನಾ ಅದರ ಕೆಳಗೇ ಲೋಕಲ್ ಹತ್ತಿ ಇಳಿಯುತ್ತೇವೆ. ಆದರೂ ಇಂಗ್ಲಿಷಿನ ಕಾಗುಣಿತದ ಮೂಲಕ ಸುತ್ತಿ ಬಂದ ಥಕಾರವೇ ನಮ್ಮ ಲೇಖನಿಗೆ ಒಗ್ಗಿಹೋಗಿದೆ. ನಮ್ಮ ಬಳಗದ ಆಹ್ವಾನಪತ್ರದಲ್ಲಿಯೇ ಹಾಗೆ ಅಚ್ಚಾಗಿತ್ತು. ಒಲ್ಲದ ನೋಟದ ಮುಖ ಇರಬೇಕಾದಲ್ಲಿ ಅಳುವ ಮುಖ ಹಾಕಿದ್ದೆವು ಎಂದು ಮೊಮ್ಮಗಳು ಮೊನ್ನೆ ತೋರಿಸಿಕೊಟ್ಟಳು.

ಹಾಗಾದರೆ ಮಾಡಬೇಕಾದದ್ದೇನು? ನಮ್ಮ ಅಭಿಪ್ರಾಯ ಸರಳವಾಗಿದೆ: ಹೊರನಾಡಿನ ನಮ್ಮ ಭಾನುವಾರದ ಕನ್ನಡ ತರಗತಿಗಳು, ಹತ್ತು ದಾಟಿದ ಮಕ್ಕಳಿಗಾದರೂ, ಠಕಾರದಿಂದ ಆರಂಭವಾಗಲಿ. ಇದನ್ನು ಹೇಳಿದೊಡನೆ ಬಳಗದ ನಿವೃತ್ತ ಅಧ್ಯಾಪಕಿಯೊಬ್ಬರು ಕೆಂಡವಾದರು. ಗಂಟಲಿನಿಂದ ತುಟಿಯವರೆಗೆ ದನಿಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ವರ್ಣಮಾಲೆ ನಮ್ಮ ಪೂರ್ವಿಕರ ಬುದ್ಧಿಯ ಶಿಖರ, ಅದನ್ನು ಮುಖಚೇಷ್ಟೆಗಾಗಿ ಕೆಡವುವಿರಾ ಎಂದರು. ಶಿಖರವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಕರ್ನಾಟಕದ ಸರಕಾರಿ ಶಾಲೆಗಳ ನಲಿ-ಕಲಿ ತರಗತಿಗಳಲ್ಲಿಯೇ ಮಕ್ಕಳು ಅಆಇಈಯಿಂದ ಆರಂಭಿಸುವುದಿಲ್ಲ, ರ ಗ ಸ ದ ಅ ಎಂದು ಆರಂಭಿಸುತ್ತಾರೆ. ಬರೆಯಲು ಸುಲಭ, ಕೂಡಲೇ ಪದ ಕಟ್ಟಲು ಅನುಕೂಲ ಎಂಬುದು ಲೆಕ್ಕ. ಮೊದಲ ಅಕ್ಷರ ರಕಾರ. ಅದರ ಹೊಟ್ಟೆಯಲ್ಲಿ ಒಂದು ಚುಕ್ಕಿಯಿಟ್ಟರೆ ಠಕಾರ! ಹದಿಮೂರರ ಹುಡುಗಿಯ ಮುಂದೆ 'ಅ ಅರಸ, ಆ ಆನೆ' ಎಂದು ಪುಸ್ತಕ ತೆರೆದರೆ ಅವಳು ನಾಚಿ ಎದ್ದು ಹೋಗುತ್ತಾಳೆ, ತಾನು ಮಗುವಲ್ಲವೆಂದು. ನೀನು ಈಗಾಗಲೇ ಎರಡು ಅಕ್ಷರ ಬರೆಯುತ್ತೀ, ಅವುಗಳ ಹೆಸರು ಹೇಳಿಕೊಡುತ್ತೇವೆ ಬಾ, ಎಂದರೆ ಅವಳು ಕುಳಿತುಕೊಳ್ಳುತ್ತಾಳೆ. ಮೊನ್ನೆ ಕುಳಿತುಕೊಂಡಳು ಎಂಬುದೇ ನಮ್ಮ ಬಳಿಯಿರುವ ಪ್ರಮಾಣ. ಒಂದೇ ಮನೆಯ ಪ್ರಮಾಣವೆಂದು ಅಧ್ಯಾಪಕಿಯವರು ಇನ್ನೂ ಒಪ್ಪಿಲ್ಲ.

ಕಲಿತ ಮೇಲೆ ಓದಲಿಕ್ಕೆ, ಹುಡುಕಲಿಕ್ಕೆ ಏನಿದೆ ಎಂಬ ಪ್ರಶ್ನೆಗೂ ಅಂತರ್ಜಾಲದಲ್ಲಿಯೇ ಉತ್ತರ ಸಿಗುತ್ತದೆ. ವಿ. ಕೃಷ್ಣ ಎಂಬವರು ದಶಕಗಳ ಕಾಲ ಒಬ್ಬರೇ ಕುಳಿತು ಕಟ್ಟಿದ ಒಂದೂವರೆ ಲಕ್ಷಕ್ಕೂ ಮಿಕ್ಕಿ ನಮೂದುಗಳ ಕನ್ನಡ-ಇಂಗ್ಲಿಷ್ ನಿಘಂಟು 'ಅಲರ್' ಎಂಬ ಹೆಸರಿನಲ್ಲಿ 2019ರಿಂದ ಎಲ್ಲರಿಗೂ ಉಚಿತವಾಗಿ ತೆರೆದಿದೆ. ಬರೆಯಲು ಹೊರಟವರ ಬೆರಳಿಗೆ ಅನುಕೂಲ ಮಾಡಿಕೊಟ್ಟವರಲ್ಲಿ ಮೊದಲಿಗರು ನಮ್ಮ ಹಾಗೆಯೇ ಮುಂಬಯಿಯಲ್ಲಿ ಬಹುಕಾಲ ದುಡಿದ ಕೆ. ಪಿ. ರಾವ್. ಅವರ ಕೀಲಿಮಣೆಯ ವಿನ್ಯಾಸವೇ ಇಂದು 'ನುಡಿ'ಯಲ್ಲಿರುವುದು. ಅದರಲ್ಲಿ ಇಂಗ್ಲಿಷಿನ ಕ್ಯೂ ಒತ್ತಿದರೆ ಟಕಾರ, ಶಿಫ್ಟ್ ಹಿಡಿದು ಒತ್ತಿದರೆ ಠಕಾರ. ಕಣ್ಣುಗಳನ್ನು ಎಲ್ಲಿಂದಲೋ ನಕಲು ಮಾಡಿ ಅಂಟಿಸುತ್ತಿದ್ದ ಹುಡುಗಿಗೆ ಇದನ್ನು ತೋರಿಸಿದಾಗ, ಅವಳು ಪರದೆಯ ತುಂಬ ಐವತ್ತು ಠಕಾರ ಒತ್ತಿದಳು. ನಂತರ, "ಇದರ ಅಕ್ಕಪಕ್ಕ ಯಾರಿದ್ದಾರೆ?" ಎಂದು ಕೇಳಿದಳು.

ಕಳೆದ ವಾರ ಅಜ್ಜನಿಗೆ ರಕ್ತದೊತ್ತಡದ ಮಾತ್ರೆಯ ವಿಷಯದಲ್ಲಿ ಮನೆಯವರೊಡನೆ ಮುನಿಸು ಬಂದಿತ್ತಂತೆ. ಶಾಲೆಯ ಬಸ್ಸಿನಿಂದ ಮೊಮ್ಮಗಳ ಸಂದೇಶ ಬಂತು. ಅವರು ಅದನ್ನು ನಮ್ಮ ಬಳಗದ ಗುಂಪಿಗೂ ಕಳಿಸಿದರು:

'ಅಜಜ ಹಠ ಬೆಡ ಠ_ಠ'

ಅಜ್ಜನಿಗೆ ಕೊಡಬೇಕಾದ ಒತ್ತು ಬಿದ್ದಿದೆ, 'ಬೇಡ'ದ ದೀರ್ಘ ಬಿದ್ದಿದೆ. 'ಹಠ' ಸರಿಯಾಗಿದೆ. ಒತ್ತಕ್ಷರವನ್ನು ಈ ಭಾನುವಾರವೇ ಹೇಳಿಕೊಡಬೇಕೆಂದು ಅಧ್ಯಾಪಕಿಯವರ ಪಟ್ಟು. ಇನ್ನೆರಡು ವಾರ ಹೀಗೆಯೇ ಇರಲಿ, ಮಾತ್ರೆ ನುಂಗಿದ್ದೇನೆ ಎಂದು ಅಜ್ಜ ಬರೆದಿದ್ದಾರೆ.